ಅಚ್ಚಿಗೆ ಬಾರದ ಹಲಗಿ

1

ದಲಿತ ಹಾಡುಗಳ ಬಗ್ಗೆ ನಮ್ಮ ವಿಮರ್ಶಕರು ಸುಮಾರು ಐವತ್ತು ವರ್ಷದಿಂದ ಒಂದೇ ಮಾತು ಹೇಳ್ಕೊಂಡು ಬಂದಿದ್ದಾರೆ. ಇವು ಚಳವಳಿಗೆ ಬೇಕಾದವು, ಸಭೆಯಲ್ಲಿ ಕೇಳಿದಾಗ ಮೈ ನವಿರೇಳ್ತದೆ, ಆದರೆ ಮನೆಗೆ ಬಂದು ಪುಸ್ತಕ ಬಿಚ್ಚಿ ಓದಿದರೆ ತೆಳು ಅನ್ನಿಸ್ತವೆ, ಹೇಳಿದ್ದನ್ನೇ ಹೇಳ್ತವೆ, ಕೊನೆಗೆ ಘೋಷಣೆಯಾಗಿ ನಿಲ್ಲುತ್ತವೆ. ಈ ಮಾತನ್ನು ಹಗೆಯಿಂದ ಹೇಳಿದವರೂ ಇದ್ದಾರೆ, ಪ್ರೀತಿಯಿಂದ ಹೇಳಿದವರೂ ಇದ್ದಾರೆ. ನಮ್ಮವರೇ ಕೆಲವರು ಇದನ್ನು ಒಪ್ಪಿಕೊಂಡು, 'ಅದು ಮೊದಲ ಘಟ್ಟ, ಈಗ ನಾವು ಕಾವ್ಯಕ್ಕೆ ಬಂದಿದ್ದೇವೆ' ಅಂತ ಸಮಜಾಯಿಷಿ ಕೊಟ್ಟದ್ದೂ ಉಂಟು.

ನನ್ನ ತಕರಾರು ಇರೋದು 'ಪುಸ್ತಕ ಬಿಚ್ಚಿ ಓದಿದರೆ' ಅನ್ನೋ ಆ ಮೂರು ಶಬ್ದದ ಮೇಲೆ. ಹಾಡನ್ನು ಪುಸ್ತಕದಲ್ಲಿ ಓದಿ ಅಳೆಯಬೇಕು ಅಂತ ತೀರ್ಮಾನ ಮಾಡಿದವರು ಯಾರು? ಬಾಯಿಂದ ಬಾಯಿಗೆ ಹೋಗುತ್ತಿದ್ದ ಹಾಡು ಅಚ್ಚಿನ ಮೊಳೆಗೆ ಬರುವ ದಾರಿಯಲ್ಲಿ ಯಾರ ಹಾಡಿಗೆ ಏನು ಸೇರಿತು, ಯಾರ ಹಾಡಿನಿಂದ ಏನು ಉದುರಿತು? ಈ ಲೆಕ್ಕ ಹಾಕದೆ ಅಚ್ಚಾದ ಎರಡು ಹಾಡುಗಳನ್ನು ಅಕ್ಕಪಕ್ಕ ಇಟ್ಟು ಒಂದು ಗಟ್ಟಿ, ಇನ್ನೊಂದು ತೆಳು ಅನ್ನೋದು ವಿಮರ್ಶೆ ಆಗೋದಿಲ್ಲ. ದಲಿತ ವಿಮರ್ಶೆ ಅನ್ನೋದಕ್ಕೆ ತನ್ನದೇ ಆದ ಒಂದು ವಿಧಾನ ಬೇಕು ಅಂತ ನಾವು ಹೇಳ್ತಾ ಬಂದಿದ್ದೇವೆ. ಅದು ಇಂಥ ಕಡೆಯಿಂದ ಶುರುವಾಗಬೇಕು ಅಂತ ನನಗೆ ಅನ್ನಿಸ್ತದೆ.

ಈ ಲೆಕ್ಕಕ್ಕೆ ನಾನು ದೂರ ಹೋಗೋದಿಲ್ಲ. ನಾನು ಹುಟ್ಟಿ ಬೆಳೆದ ಸೀಮೆ ಸಾಕು: ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸೂಗೂರು, ಮಸ್ಕಿ. ಇಲ್ಲಿ ದಾಸರ ಪದ ಇದೆ, ತತ್ವಪದ ಇದೆ, ಪುರಾಣದ ಓದು ಇದೆ, ಮೊಹರಂನ ರಿವಾಯತ್ ಇದೆ, ಕೂಲಿ ಹೆಂಗಸರ ಪದ ಇದೆ, ಚಳವಳಿಯ ಹಾಡಿದೆ. ಒಂದೇ ಮಣ್ಣಿನಲ್ಲಿ ಹುಟ್ಟಿದರೂ ಅಚ್ಚಿನ ಮನೆಗೆ ಇವೆಲ್ಲ ಒಂದೇ ಬಾಗಿಲಿಂದ ಹೋಗಲಿಲ್ಲ.

2

ಮೊದಲು ದಾಸರ ಪದ. ಹದಿನೆಂಟನೇ ಶತಮಾನದ ಹರಿದಾಸರಲ್ಲಿ ದೊಡ್ಡ ಹೆಸರುಗಳು ನಮ್ಮ ಜಿಲ್ಲೆಯವೇ. ವಿಜಯದಾಸರು (1682-1755) ಚೀಕಲಪರವಿಯವರು, ಗೋಪಾಲದಾಸರು ಮೊಸರಕಲ್ಲಿನವರು, ಹರಿಕಥಾಮೃತಸಾರದ ಜಗನ್ನಾಥದಾಸರು (1728-1809) ಮಾನ್ವಿಯವರು. ಜಗನ್ನಾಥದಾಸರ ಶಿಷ್ಯ ಪ್ರಾಣೇಶದಾಸರು ಲಿಂಗಸೂಗೂರಿನವರು. ಇವರ ಪದಗಳು ಇನ್ನೂರು ವರ್ಷ ಹೇಗೆ ಉಳಿದವು? ಏಕಾದಶಿ ಭಜನೆಯ ಬಾಯಲ್ಲಿ, ಬ್ರಾಹ್ಮಣ ಮನೆಗಳ ಹಸ್ತಪ್ರತಿಯಲ್ಲಿ, ಹೆಣ್ಣುಮಕ್ಕಳು ಬರೆದು ಇಟ್ಟುಕೊಂಡ ಹಾಡಿನ ವಹಿಗಳಲ್ಲಿ. ಕಳೆದ ಶತಮಾನದ ನಡುಭಾಗದಲ್ಲಿ ಲಿಂಗಸೂಗೂರಿನಲ್ಲೇ ಗೊರೆಬಾಳ ಹನುಮಂತರಾಯರು ಶ್ರೀ ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಮೂಲಕ ಈ ಪದಗಳನ್ನು ಒಂದರ ಮೇಲೊಂದು ಪುಸ್ತಕವಾಗಿ ಹೊರಗೆ ತಂದರು.

ಇದು ಸಣ್ಣ ಕೆಲಸ ಅಲ್ಲ. 1948ರ ಸೆಪ್ಟೆಂಬರಿನ ತನಕ ನಾವು ನಿಜಾಮನ ಆಳ್ವಿಕೆಯಲ್ಲಿದ್ದವರು. ಕಚೇರಿಯ ಭಾಷೆ ಉರ್ದು. ಕನ್ನಡ ಪುಸ್ತಕ ಬೇಕು ಅಂದ್ರೆ ಗದಗ, ಹುಬ್ಬಳ್ಳಿ, ಬಳ್ಳಾರಿಯ ಕಡೆ ಮುಖ ಮಾಡಬೇಕು. ಅಂಥ ಸೀಮೆಯ ಒಂದು ಸಣ್ಣ ಪೇಟೆಯಿಂದ ಸಾವಿರಾರು ಪದಗಳು ಅಚ್ಚಾಗಿ ಹೋದವು ಅನ್ನೋದು ನಾಡಿನ ಪ್ರಕಾಶನ ಚರಿತ್ರೆಯಲ್ಲಿ ನೆನೆಯಬೇಕಾದ ಸಂಗತಿ. ಆ ಮನುಷ್ಯನ ಶ್ರಮಕ್ಕೆ ನಾನು ಕೈ ಮುಗೀತೀನಿ.

ಆದರೆ ಅಚ್ಚು ಆ ಪದಗಳಿಗೆ ಏನೇನು ಕೊಟ್ಟಿತು ಅಂತ ನೋಡಿ. ಒಂದು, ಅಂಕಿತ. ಬಾಯಿಹಾಡಿನಲ್ಲಿ ಅಂಕಿತ ಕೊನೆಯ ನುಡಿಯೊಳಗೆ ಇರುತ್ತದೆ. ಹಾಡಿ ಮುಗಿಸಿದಾಗ ಮಾತ್ರ ಕವಿ ಯಾರು ಅಂತ ತಿಳೀತದೆ. ಪುಸ್ತಕದಲ್ಲಿ ಆ ಹೆಸರು ಒಳಗಿನಿಂದ ಎದ್ದು ರಟ್ಟಿನ ಮೇಲೆ ಬಂದು ಕೂತಿತು. ಹಾಡಿಗೆ ಒಬ್ಬ ಕರ್ತೃ, ಆ ಕರ್ತೃವಿಗೆ ಒಂದು ಕಾಲ, ಊರು, ಗುರುಪರಂಪರೆ ಆಯಿತು. ಎರಡು, ಪಲ್ಲವಿಯ ನೆತ್ತಿಯ ಮೇಲೆ ರಾಗ, ತಾಳದ ಹೆಸರು. ಒಂದೇ ಪದಕ್ಕೆ ಒಂದು ಪುಸ್ತಕದಲ್ಲಿ ಒಂದು ರಾಗ, ಇನ್ನೊಂದರಲ್ಲಿ ಇನ್ನೊಂದು ರಾಗ ಇರೋದನ್ನು ನೋಡಿದವರಿಗೆ ಗೊತ್ತು, ಮೂಲದ ಮಟ್ಟು ಬಹುಪಾಲು ಕಳೆದುಹೋಗಿದೆ. ಆದರೂ 'ರಾಗ' ಅಂತ ಒಂದು ಸಾಲು ಅಚ್ಚಾದ ಕೂಡಲೇ ಆ ಪದ ಕಛೇರಿಗೆ ಅರ್ಹವಾಯಿತು. ಸಂಗೀತಗಾರ ಅದನ್ನು ತಗೊಂಡು ಹೊಸ ಮಟ್ಟು ಕಟ್ಟಿದ. ಮೂರು, ಓದುಗ. ಭಜನೆಯಲ್ಲಿ ಕೂಡಿ ಹಾಡ್ತಿದ್ದವರ ಜೊತೆಗೆ ಒಬ್ಬನೇ ಕೂತು ಅರ್ಥ ಮಾಡುವ ಪಂಡಿತ ಬಂದ. ಅಲ್ಲಿಂದ ಅದು 'ದಾಸ ಸಾಹಿತ್ಯ' ಆಯಿತು. ವಿಶ್ವವಿದ್ಯಾಲಯದಲ್ಲಿ ಪಠ್ಯ ಆಯಿತು.

ಇದೆಲ್ಲ ಹುಟ್ಟಿನಿಂದಲೇ ಆ ಪದಗಳಲ್ಲಿತ್ತು ಅಂತ ಯಾರಾದರೂ ಅಂದರೆ ಅವರಿಗೆ 1871ರ ಒಂದು ಪುಸ್ತಕ ತೋರಿಸಬೇಕು. ಚಾರ್ಲ್ಸ್ ಗೋವರ್ ಅನ್ನೋ ಇಂಗ್ಲಿಷಿನವನು ದಕ್ಷಿಣ ಭಾರತದ ಜನಪದ ಹಾಡುಗಳು ಅಂತ ಒಂದು ಸಂಕಲನ ಮಾಡಿದ. ಅದರ ಕನ್ನಡ ಭಾಗದಲ್ಲಿ ಅವನು ಕೊಟ್ಟದ್ದು ದಾಸರ ಪದಗಳ ಅನುವಾದವನ್ನು. ಅದಕ್ಕೂ ಮೊದಲೇ, 1850ರ ಸುಮಾರಿಗೆ, ಮಂಗಳೂರಿನ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದ್ದ. ಅಂದ್ರೆ ಒಂದೂವರೆ ಶತಮಾನದ ಹಿಂದೆ ಹೊರಗಿನವನ ಕಣ್ಣಿಗೆ ಪುರಂದರದಾಸರ ಪದ ಬೀದಿಯಲ್ಲಿ ಕೇಳುವ ಜನಪದ ಹಾಡೇ ಆಗಿತ್ತು. ಅದನ್ನು ಜನಪದದಿಂದ ಸಾಹಿತ್ಯಕ್ಕೆ, ಬೀದಿಯಿಂದ ಕಛೇರಿಗೆ ದಾಟಿಸಿದ್ದರಲ್ಲಿ ಅಚ್ಚಿನ ಪಾಲು ದೊಡ್ಡದು. ಭಕ್ತಿ, ಭಾಷೆ, ಕಾವ್ಯಗುಣ ಎಲ್ಲ ಇದ್ದವು, ಇಲ್ಲ ಅನ್ನೋದಿಲ್ಲ. ಆದರೆ ಅವು ಇದ್ದ ಎಲ್ಲ ಹಾಡುಗಳಿಗೂ ಈ ದಾರಿ ಸಿಗಲಿಲ್ಲ.

3

ನಮ್ಮ ಹಾಡು ಅಚ್ಚಾಗಲೇ ಇಲ್ಲವೇ? ಆಯಿತು. ಹೇಗೆ ಆಯಿತು ಅನ್ನೋದು ಮುಖ್ಯ.

ಫ್ಲೀಟ್ 1880ರ ದಶಕದಲ್ಲಿ ಇಂಡಿಯನ್ ಆಂಟಿಕ್ವೆರಿಯಲ್ಲಿ ಕನ್ನಡ ಲಾವಣಿಗಳನ್ನು ಅಚ್ಚು ಹಾಕಿದ. 1931ರಲ್ಲಿ ಹಲಸಂಗಿ ಗೆಳೆಯರು 'ಗರತಿಯ ಹಾಡು' ತಂದರು. ತ್ರಿಪದಿಯ ಸಿರಿಯನ್ನು ನಾಡಿಗೆ ತೋರಿಸಿದ ದೊಡ್ಡ ಪುಸ್ತಕ ಅದು. ಆದರೆ ಹೆಸರನ್ನು ಒಂದು ಸಲ ಓದಿ ನೋಡಿ. ಗರತಿ ಅಂದ್ರೆ ಮನೆಯುಳ್ಳವಳು, ಮರ್ಯಾದೆಯುಳ್ಳವಳು, ತನ್ನ ಬೀಸುಕಲ್ಲಿನ ಮುಂದೆ ಕೂತು ತನ್ನ ಜೋಳ ಬೀಸುವವಳು. ಇನ್ನೊಬ್ಬರ ಮನೆಯ ಜೋಳ ಬೀಸಿ ಕೂಲಿ ಪಡೆದವಳು, ಗೌಡರ ಹೊಲದಲ್ಲಿ ಕಳೆ ತೆಗೆದವಳು, ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ಚೌಡಿಕೆ ಹಿಡಿದವಳು ಹಾಡಿದ್ದು ಯಾರ ಹಾಡು? ಅವಳ ತ್ರಿಪದಿಯೂ ಆ ಕಾಲದ ಸಂಗ್ರಹಗಳಲ್ಲಿ ಬೆರೆತಿರಬಹುದು. ಬೆರೆತಿದ್ದರೆ ಗರತಿಯ ಹೆಸರಿನಲ್ಲೇ ಬೆರೆತಿದೆ.

ಆಮೇಲೆ ಬಂದ ನೂರಾರು ಜಾನಪದ ಸಂಗ್ರಹಗಳಲ್ಲಿ ಒಂದು ಪದ್ಧತಿ ನಿಂತುಬಿಟ್ಟಿತು. ರಟ್ಟಿನ ಮೇಲೆ ಸಂಗ್ರಾಹಕರ ಹೆಸರು, ಒಳಗೆ ಹಾಡು, ಕೊನೆಗೆ ಒಂದು ಪುಟದಲ್ಲಿ 'ವಕ್ತೃಗಳು' ಅಂತ ಪಟ್ಟಿ. ಎಷ್ಟೋ ಪುಸ್ತಕದಲ್ಲಿ ಅದೂ ಇಲ್ಲ. ನಮ್ಮ ಕೇರಿಗೂ ಒಮ್ಮೆ ಒಬ್ಬರು ಟೇಪ್ ರೆಕಾರ್ಡರ್ ಹಿಡ್ಕೊಂಡು ಬಂದಿದ್ದರು. ನಮ್ಮ ದೊಡ್ಡಮ್ಮ ಎರಡು ರಾತ್ರಿ ಹಾಡಿದಳು. ಪುಸ್ತಕ ಬಂದಾಗ ಅದರಲ್ಲಿ 'ಹಾಡಿದವರು: ಕೂಲಿ ಹೆಂಗಸರು' ಅಂತ ಇತ್ತು. ನಾನು ಓದಿ ಹೇಳಿದಾಗ ದೊಡ್ಡಮ್ಮ ಕೇಳಿದ್ದು ಒಂದೇ: "ಪದ ಬುಕ್ಕಿನ್ಯಾಗ ಐತಿ, ನಾ ಎಲ್ಲಿ ಅದೀನಿ?" ಆ ಪ್ರಶ್ನೆಯನ್ನು ನಾನು ಜಾನಪದ ಶಾಸ್ತ್ರದ ಯಾವ ಪಾಠದಲ್ಲೂ ಕೇಳಲಿಲ್ಲ.

'ಜನಪದ ಹಾಡಿಗೆ ಕರ್ತೃ ಇಲ್ಲ, ಅದು ಸಮೂಹದ ಸೃಷ್ಟಿ' ಅಂತ ಉತ್ತರ ಕೊಡ್ತಾರೆ. ಸಮೂಹದ್ದು ಅನ್ನೋದು ಸುಳ್ಳಲ್ಲ. ಆದರೆ ಪುಸ್ತಕಕ್ಕೆ ಕರ್ತೃ ಇದ್ದಾನಲ್ಲ? ಸಮೂಹದ ಹಾಡು ಅಚ್ಚಾಗುವಾಗ ಒಬ್ಬನ ಪುಸ್ತಕ ಆಗುವುದಾದರೆ ಆ ಒಬ್ಬ ಯಾವಾಗಲೂ ಅಕ್ಷರ ಬಲ್ಲವನೇ ಯಾಕೆ ಆಗ್ತಾನೆ? ದಾಸರ ಪದಕ್ಕೂ ಹಾಡಿ ಉಳಿಸಿದ ಸಮೂಹ ಇತ್ತು. ಆದರೂ ಅಲ್ಲಿ ಸಂಪಾದಕ ಕವಿಯ ಹೆಸರನ್ನು ಹುಡುಕಿ ಮುಂದಿಟ್ಟ. ಇಲ್ಲಿ ಹಾಡಿದವಳ ಹೆಸರು ಕಣ್ಣ ಮುಂದೆ ಇದ್ದಾಗಲೂ ಬಿಟ್ಟ.

ಹೆಸರು ಏನು ಮಹಾ ಅಂತ ಕೇಳುವವರಿಗೆ ಮಸ್ಕಿಯ ಬಂಡೆಯ ಕತೆ ಹೇಳಬೇಕು. ದೇಶದ ಬಂಡೆಗಳಲ್ಲಿ, ಕಂಬಗಳಲ್ಲಿ 'ದೇವಾನಾಂಪ್ರಿಯ' ಅನ್ನೋ ರಾಜನ ಶಾಸನಗಳು ಸಿಕ್ಕಿದ್ದವು. ಆ ರಾಜ ಅಶೋಕನೇ ಅಂತ ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದಿಂದ ತರ್ಕ ಮಾಡಿದ್ದರು. 1915ರಲ್ಲಿ ಚಿನ್ನದ ಗಣಿ ಹುಡುಕುತ್ತಿದ್ದ ಬೀಡನ್ ಅನ್ನೋ ಎಂಜಿನಿಯರಿಗೆ ಮಸ್ಕಿಯ ಗುಡ್ಡದಲ್ಲಿ ಒಂದು ಶಾಸನ ಕಂಡಿತು. ಅದರಲ್ಲಿ 'ಅಶೋಕ' ಅನ್ನೋ ಹೆಸರೇ ಇತ್ತು. ಒಂದು ಹೆಸರು ಸಿಕ್ಕಿದ್ದಕ್ಕೆ ದೇಶದ ಚರಿತ್ರೆ ಒಂದು ಹೆಜ್ಜೆ ಗಟ್ಟಿಯಾಯಿತು. ಮಸ್ಕಿ ಪಠ್ಯಪುಸ್ತಕಕ್ಕೆ ಬಂತು. ಚಕ್ರವರ್ತಿಯ ಹೆಸರಿಗೆ ಇಷ್ಟು ಬೆಲೆ ಇರುವ ನಾಡಿನಲ್ಲಿ ಹಾಡುಗಾರ್ತಿಯ ಹೆಸರು ಬೇಡ ಅನ್ನೋದು ಯಾವ ಶಾಸ್ತ್ರ?

ಹೆಸರು ಕೊಟ್ಟ ಉದಾಹರಣೆಯೂ ನಮ್ಮ ಹತ್ತಿರವೇ ಇದೆ. ತುಂಗಭದ್ರೆಯ ಆಚೆ ದಡದ ದರೋಜಿಯ ಬುರ್ರಕಥಾ ಈರಮ್ಮ ಪರಿಶಿಷ್ಟ ಜಾತಿಯ ಬುಡ್ಗ ಜಂಗಮರ ಹೆಣ್ಣುಮಗಳು. ಅಕ್ಷರ ಕಲಿಯದೆಯೇ ರಾತ್ರಿಗಟ್ಟಲೆ ಕಾವ್ಯ ಹಾಡಿದವಳು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಯ ಕಾವ್ಯಗಳನ್ನು ಆಕೆಯ ಹೆಸರು ಹೇಳಿಯೇ ಪ್ರಕಟಿಸಿತು. 2014ರಲ್ಲಿ ಆಕೆ ತೀರಿಕೊಂಡಾಗ ಪತ್ರಿಕೆಗಳು ಹೆಸರು ಹಿಡಿದು ಬರೆದವು. ಮನಸ್ಸು ಮಾಡಿದರೆ ಆಗ್ತದೆ ಅನ್ನೋದಕ್ಕೆ ಇದು ಸಾಕ್ಷಿ.

4

ಅಚ್ಚು ನಮಗೆ ಬರೀ ಕಸಿದುಕೊಂಡಿತು ಅಂತ ನಾನು ಹೇಳಿದರೆ ಅದು ಅರ್ಧಸತ್ಯ. ಅದು ಬಾಗಿಲು ತೆರೆದದ್ದೂ ಉಂಟು.

ಸಿಂಧನೂರು ತಾಲೂಕಿನ ಸಿದ್ಧಪರ್ವತ ಅಂಬಾಮಠದ ಚಿದಾನಂದಾವಧೂತರು ಬರೆದ ದೇವಿ ಪುರಾಣ ಇವತ್ತು ಉತ್ತರ ಕರ್ನಾಟಕದ ಊರೂರಲ್ಲಿ ನವರಾತ್ರಿಗೆ ಓದ್ತಾರೆ. ಹಸ್ತಪ್ರತಿಯ ಕಾಲದಲ್ಲಿ ಅದು ಮಠದಿಂದ ಮಠಕ್ಕೆ, ಒಬ್ಬ ಶಿಷ್ಯನ ಕೈಯಿಂದ ಇನ್ನೊಬ್ಬನ ಕೈಗೆ ಹೋಗಬೇಕಿತ್ತು. ಅಚ್ಚಾದ ಮೇಲೆ ಜಾತ್ರೆಯ ಅಂಗಡಿಯಲ್ಲಿ ಕುಂಕುಮ, ಬಳೆ, ಬತ್ತಾಸಿನ ಪಕ್ಕದಲ್ಲೇ ಸಿಕ್ಕಿತು. ತತ್ವಪದದ ಪುಸ್ತಕಗಳೂ ಹಾಗೇ. ಗದಗಿನ ಶಾಬಾದಿಮಠದಂಥ ಬುಕ್ ಡಿಪೋಗಳು ಸಣ್ಣಾಟ, ಭಜನೆ ಪದ, ಪುರಾಣಗಳನ್ನು ಅಗ್ಗದ ಕಾಗದದಲ್ಲಿ ಅಚ್ಚು ಹಾಕಿ ಹಳ್ಳಿಗೆ ಮುಟ್ಟಿಸಿದವು. ಗುರುಗುಂಟಾ ಅಮರೇಶ್ವರನ ಜಾತ್ರೆಯಲ್ಲಿ, ಮಸ್ಕಿ ಮಲ್ಲಯ್ಯನ ಜಾತ್ರೆಯಲ್ಲಿ ಪುಸ್ತಕ ಮಾರುವವನು ಕೊಳ್ಳುವವನ ಜಾತಿ ಕೇಳಲಿಲ್ಲ. ಇದು ದೊಡ್ಡ ಮಾತು. ಗುರುವಿನ ಹತ್ತಿರ ಹೋದರೆ ದೀಕ್ಷೆ, ಕುಲ, ಕೂಡುವ ಜಾಗ, ಎಲ್ಲ ಬರ್ತಿತ್ತು. ಪುಸ್ತಕಕ್ಕೆ ಕಾಸು ಕೊಟ್ಟರೆ ಮುಗೀತು.

ನಮ್ಮ ಕೇರಿಯ ಭಜನಾ ಮೇಳದಲ್ಲಿ ಹಾರ್ಮೋನಿಯಂ, ದಮ್ಮಡಿ, ತಾಳ, ಏಕತಾರಿ ಇದ್ದವು. ಹಾಡುವ ಹಿರಿಯರಲ್ಲಿ ಬಹಳ ಮಂದಿಗೆ ಓದು ಬರ್ತಿರಲಿಲ್ಲ. ಸಾಲಿಗೆ ಹೋಗುವ ಹುಡುಗನನ್ನು ಕಂದೀಲಿನ ಮುಂದೆ ಕೂರಿಸಿ ಪುಸ್ತಕ ಓದಿಸ್ತಿದ್ದರು. ಹುಡುಗ ಒಂದು ನುಡಿ ಓದೋದು, ಹಿರಿಯರು ಅದನ್ನು ತಮಗೆ ಗೊತ್ತಿದ್ದ ಮಟ್ಟಿಗೆ ಕೂರಿಸೋದು. ಎರಡು ಮೂರು ರಾತ್ರಿಗೆ ಪದ ಬಾಯಿಗೆ ಬಂದ ಮೇಲೆ ಪುಸ್ತಕ ವಸ್ತ್ರದಲ್ಲಿ ಸುತ್ತಿ ಮಾಡಿನ ಗೂಡಿಗೆ ಹೋಗ್ತಿತ್ತು. ಕಡಕೋಳ ಮಡಿವಾಳಪ್ಪನ ಪದ, ಅವನ ಶಿಷ್ಯ ಚನ್ನೂರ ಜಲಾಲಸಾಬನ ಪದ, ಶರೀಫನ ಪದ, ಜೊತೆಗೆ ಪುರಂದರದಾಸರ ಪದ ಕೂಡ ಹೊಲೆಮಾದಿಗರ ಕೇರಿಗೆ ಬಂದದ್ದರಲ್ಲಿ ಈ ಪುಸ್ತಕಗಳ ಪಾಲಿದೆ. ಮಠದ ಅಂಗಳದಲ್ಲಿ ದೂರ ನಿಂತು ಕೇಳಬೇಕಿದ್ದದ್ದನ್ನು ನಮ್ಮವರು ತಮ್ಮ ಕಟ್ಟೆಯ ಮೇಲೆ ಕೂತು ಹಾಡಿದರು. ಇಲ್ಲಿ ಅಚ್ಚು ಮತ್ತು ಬಾಯಿ ಒಂದನ್ನೊಂದು ಕೊಲ್ಲಲಿಲ್ಲ. ಕಣ್ಣಿಂದ ಓದಿದ್ದು ಕಿವಿಗೆ ಬಂದು ಮತ್ತೆ ಬಾಯಿಹಾಡೇ ಆಯಿತು.

ಆದರೆ ಎಲ್ಲ ಹಾಡಿಗೂ ಅಚ್ಚು ಒಳ್ಳೆಯದು ಅಂತ ನಮ್ಮವರು ತಿಳಿದಿರಲಿಲ್ಲ. ಲಿಂಗಸೂಗೂರು ತಾಲೂಕಿನ ಮುದಗಲ್ಲಿನ ಮೊಹರಂ ನಾಡಿಗೆಲ್ಲ ಗೊತ್ತಿರುವಂಥದು. ಸುತ್ತಿನ ಹಳ್ಳಿಗಳಲ್ಲೂ ಅಲಾಯಿ ಕುಣಿಯ ಸುತ್ತ ಕುಣಿತ, ರಿವಾಯತ್ ಪದ ನಡೀತವೆ. ಹಾಡುವವರಲ್ಲಿ ಮುಸಲ್ಮಾನರಿದ್ದಷ್ಟೇ ಉಳಿದ ಜಾತಿಯವರೂ ಇರ್ತಾರೆ. ಒಂದು ಮೇಳ ಪದದಲ್ಲಿ ಸವಾಲು ಹಾಕಿದರೆ ಎದುರು ಮೇಳ ಪದದಲ್ಲೇ ಜವಾಬು ಕೊಡಬೇಕು. ಹಾಗಾಗಿ ಮೇಳದವರು ತಮ್ಮ ವಹಿಯನ್ನು ಇನ್ನೊಬ್ಬರಿಗೆ ತೋರಿಸ್ತಿರಲಿಲ್ಲ. "ಅಚ್ಚು ಹಾಕಿದ್ರ ಜವಾಬು ಮೊದಲ ಗೊತ್ತಾಗ್ತೈತಿ, ಹಾಡೋದು ಯಾಕ?" ಅಂತಿದ್ದರು. ಆ ಕಲೆಯ ಜೀವ ಇದ್ದದ್ದು ಆ ರಾತ್ರಿಯ ಪೈಪೋಟಿಯಲ್ಲಿ. ಅದನ್ನು ಪುಸ್ತಕ ಮಾಡಿ 'ಕಾವ್ಯಗುಣ ಕಡಿಮೆ' ಅಂತ ಬರೆದರೆ ತಪ್ಪು ಹಾಡಿನದಲ್ಲ.

5

ಅಚ್ಚು ಹೊಸ ಸಂಗೀತವನ್ನೇ ಹುಟ್ಟಿಸಬಲ್ಲದು ಅನ್ನೋದಕ್ಕೆ ವಚನಕ್ಕಿಂತ ದೊಡ್ಡ ಉದಾಹರಣೆ ಬೇಡ. ಫ.ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರ ತಂದರು. ಆಮೇಲೆ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯ ಇಟ್ಟು ಮನೆಮಠ ಮರೆತು ವಚನಗಳನ್ನು ಅಚ್ಚು ಹಾಕಿದರು. ಓಲೆಗರಿಯ ಕಟ್ಟುಗಳಲ್ಲಿ ಮಠದೊಳಗೆ ಇದ್ದ ಮಾತು ಬೀದಿಗೆ ಬಂತು. ಅದರ ಹಿಂದೆಯೇ ಗಾಯಕರು ಬಂದರು. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ನಮ್ಮ ಜಿಲ್ಲೆಯ ಸಿದ್ಧರಾಮ ಜಂಬಲದಿನ್ನಿ ಇಂಥವರು ವಚನಗಳನ್ನು ಹಿಂದೂಸ್ತಾನಿ ರಾಗಗಳಲ್ಲಿ ಹಾಡಿದರು. ಇವತ್ತು ಕಛೇರಿಯಲ್ಲಿ ಕೇಳುವ ವಚನ ಗಾಯನ ನಿಂತಿರೋದು ಅಚ್ಚಾದ ವಚನದ ಮೇಲೆ.

ನಮಗೂ ಇದರಿಂದ ಸಿಕ್ಕಿದೆ. ಮಾದಾರ ಚನ್ನಯ್ಯ, ಡೋಹರ ಕಕ್ಕಯ್ಯ, ಉರಿಲಿಂಗಪೆದ್ದಿ, ಅವನ ಹೆಂಡತಿ ಕಾಳವ್ವೆ ಇವರೆಲ್ಲ ಹೆಸರುಳ್ಳ ವಚನಕಾರರಾಗಿ ನಮ್ಮ ಹುಡುಗರ ಕೈಗೆ ಬಂದದ್ದು ಅಚ್ಚಿನಿಂದ. 1993ರಲ್ಲಿ ಸರ್ಕಾರ ಹದಿನೈದು ಸಂಪುಟದಲ್ಲಿ ಸಮಗ್ರ ವಚನ ಸಾಹಿತ್ಯ ತಂದಾಗ ಆ ಹೆಸರುಗಳು ತಾಲೂಕು ಗ್ರಂಥಾಲಯಕ್ಕೂ ಬಂದವು. ಸರಿ. ಆದರೆ ಹಾಡುವಾಗ? ನಾನು ಕೇಳಿದ ವಚನ ಗಾಯನಗಳಲ್ಲಿ ಬಸವಣ್ಣ, ಅಕ್ಕ, ಅಲ್ಲಮ ಬಂದಷ್ಟು ಸಲ ಕಕ್ಕಯ್ಯ, ಕಾಳವ್ವೆ ಬರಲಿಲ್ಲ. ಅಚ್ಚು ಸಮನಾಗಿ ಹಂಚಿದ್ದನ್ನು ವೇದಿಕೆ ಮತ್ತೆ ಸೋಸಿತು. ಪುಸ್ತಕದೊಳಗೆ ಬಂದ ಮಾತ್ರಕ್ಕೆ ಕೆಲಸ ಮುಗಿಯೋದಿಲ್ಲ ಅನ್ನೋದು ಇದರ ಪಾಠ.

ಇನ್ನೊಂದು ಸೋಸುವಿಕೆ ವಾದ್ಯದ್ದು. ಕರ್ನಾಟಕ ಸಂಗೀತದ ಸ್ವರಲಿಪಿ 1904ರಲ್ಲಿ ಸುಬ್ಬರಾಮ ದೀಕ್ಷಿತರ ಸಂಗೀತ ಸಂಪ್ರದಾಯ ಪ್ರದರ್ಶಿನಿಯಲ್ಲಿ ದೊಡ್ಡ ಪ್ರಮಾಣದಲ್ಲಿ ಅಚ್ಚಾಯಿತು. ಸ್ವರಕ್ಕೆ, ಗಮಕಕ್ಕೆ, ತಾಳಕ್ಕೆ ಗುರುತು ಮಾಡಿ ಮೊಳೆ ಜೋಡಿಸಿದರು. ಮೃದಂಗದ ಸೊಲ್ಲುಗಳಿಗೂ ಪುಸ್ತಕ ಬಂದವು. ಆದರೆ ಆ ಮೃದಂಗಕ್ಕೆ ತೊಗಲು ಹದ ಮಾಡಿ ಬಿಗಿದ ಕೈಗಳ ಚರಿತ್ರೆ ಒಂದು ಪುಸ್ತಕವಾಗಿ ಬರಲು, ಟಿ.ಎಂ. ಕೃಷ್ಣ ಬರೆದ 'ಸೆಬಾಸ್ಟಿಯನ್ ಅಂಡ್ ಸನ್ಸ್' ತನಕ, ಅಂದ್ರೆ 2020ರ ತನಕ ಕಾಯಬೇಕಾಯಿತು. ತೊಗಲು ಒಂದೇ. ಮೃದಂಗವಾದರೆ ಅದು ಗುಡಿಯೊಳಗೆ, ಪುಸ್ತಕದೊಳಗೆ. ಹಲಗಿಯಾದರೆ ಗುಡಿಯ ಹೊರಗೆ, ಪುಸ್ತಕದ ಹೊರಗೆ. ಹಲಗಿಗೆ ಹೆಣದ ಮುಂದೆ ಒಂದು ಬಡಿತ, ಜಾತ್ರೆಗೆ ಒಂದು, ಡಂಗುರಕ್ಕೆ ಒಂದು, ಅಲಾಯಿ ಕುಣಿತಕ್ಕೆ ಇನ್ನೊಂದು. ದೂರದಿಂದ ಸದ್ದು ಕೇಳಿಯೇ ಊರಲ್ಲಿ ಏನಾಗಿದೆ ಅಂತ ಹೊಲದಲ್ಲಿದ್ದವರು ಹೇಳ್ತಿದ್ದರು. ಅಂದ್ರೆ ಅದಕ್ಕೊಂದು ವ್ಯಾಕರಣ ಇದೆ. ಮೃದಂಗದ ವ್ಯಾಕರಣ ಅಚ್ಚಾಗಿ ಶಾಸ್ತ್ರ ಆಯಿತು, ಹಲಗಿಯದು ಅಚ್ಚಾಗದೆ 'ಬಡಿಯೋದು' ಆಗಿ ಉಳೀತು.

6

ಈಗ ಚಳವಳಿಯ ಹಾಡಿಗೆ ಬರ್ತೀನಿ. 1973ರ ಬೂಸಾ ಗಲಾಟೆಯ ನಂತರ, ದಲಿತ ಸಂಘರ್ಷ ಸಮಿತಿ ಕಟ್ಟಿದ ಆ ವರ್ಷಗಳಲ್ಲಿ, ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಅಚ್ಚಾಯಿತು. 'ಹಾಡು' ಅಂತಲೇ ಹೆಸರಿಟ್ಟದ್ದನ್ನು ಗಮನಿಸಬೇಕು. ಆ ಸಂಕಲನದ ಪದಗಳು ರಾಯಚೂರಿನ ಕಡೆಗೆ ಪುಸ್ತಕವಾಗಿ ಬರೋ ಮೊದಲೇ ಬಾಯಲ್ಲಿ ಬಂದವು ಅಂತ ನಮ್ಮ ಹಿರಿಯ ಕಾರ್ಯಕರ್ತರು ಹೇಳ್ತಾರೆ. ಆಮೇಲೆ ಸಂಘಟನೆಗಳ ಹಾಡಿನ ಕಿರುಪುಸ್ತಕಗಳು ಬಂದವು. ಕೆಲವು ಸೈಕ್ಲೋಸ್ಟೈಲ್ ಮಾಡಿದವು, ಕೆಲವು ತಾಲೂಕಿನ ಟ್ರೆಡಲ್ ಪ್ರೆಸ್ಸಿನಲ್ಲಿ ಮದುವೆ ಪತ್ರಿಕೆಗಳ ನಡುವೆ ಅಚ್ಚಾದವು. ಜೇಬಿನಲ್ಲಿ ಹಿಡಿಯುವ ಅಳತೆ, ಕಡಿಮೆ ಬೆಲೆ, ಮಾರಿದ ದುಡ್ಡು ಮುಂದಿನ ಸಭೆಯ ಖರ್ಚಿಗೆ.

ಸಿಂಧನೂರಿನ ಕಡೆ ಇನ್ನೊಂದು ಹೊಳೆ ಸೇರಿತು. ತುಂಗಭದ್ರಾ ಎಡದಂಡೆ ಕಾಲುವೆ ಬಂದು ಭತ್ತದ ಗದ್ದೆಗಳಾದ ಮೇಲೆ ಆಂಧ್ರದಿಂದ ಬಂದವರ ಕ್ಯಾಂಪುಗಳಾದವು. ತೆಲುಗಿನ ಹೋರಾಟದ ಹಾಡು, ಗದ್ದರ್ ಮತ್ತು ಜನನಾಟ್ಯ ಮಂಡಳಿಯ ಮಟ್ಟುಗಳು ಕೂಲಿಕಾರರ ಜೊತೆ ಕಾಲುವೆ ದಾಟಿ ಬಂದವು. ನಮ್ಮ ಹುಡುಗರು ಅದೇ ಮಟ್ಟಿಗೆ ಕನ್ನಡದ ಮಾತು ಕಟ್ಟಿದರು.

ಈಗ ಆ ಕಿರುಪುಸ್ತಕಗಳನ್ನು ವಿಮರ್ಶಕರ ಕಣ್ಣಿಂದ ನೋಡೋಣ. ಪುಟದಲ್ಲಿ ಏನಿದೆ? ಪಲ್ಲವಿ ಒಂದು ಸಲ, ನುಡಿಗಳು, ಮೇಲೆ ಒಂದು ಸಾಲು: 'ಧಾಟಿ' ಅಂತ ಯಾವುದೋ ಸಿನಿಮಾ ಹಾಡಿನ ಅಥವಾ ಭಜನೆ ಪದದ ಹೆಸರು. ಏನಿಲ್ಲ? ಪಲ್ಲವಿಯನ್ನು ಸಭೆ ಎತ್ತಿಕೊಂಡು ಎಷ್ಟು ಸಲ ತಿರುಗಿ ಹೇಳ್ತದೆ ಅನ್ನೋದಿಲ್ಲ. ಯಾವ ನುಡಿಗೆ ಹಲಗಿ ನಿಲ್ತದೆ, ಎಲ್ಲಿ ದ್ರುತಕ್ಕೆ ಏರ್ತದೆ ಅನ್ನೋದಿಲ್ಲ. ಊರ ಗೌಡರ ಅಗಸಿಯ ಮುಂದೆ ಹಾಡುವಾಗ ಯಾವ ಮಾತು ಬದಲಾಗ್ತದೆ ಅನ್ನೋದಿಲ್ಲ. ಅರ್ಧಕ್ಕರ್ಧ ಹಾಡಿಗೆ ಕಟ್ಟಿದವರ ಹೆಸರೂ ಇಲ್ಲ. ಪೊಲೀಸರ ಭಯಕ್ಕೆ ಬಿಟ್ಟ ಹೆಸರು ಕೆಲವಾದರೆ, 'ಹೆಸರು ಯಾಕೆ, ಚಳವಳಿಯ ಹಾಡಲ್ಲವೇ' ಅಂತ ನಾವೇ ಬಿಟ್ಟವು ಹಲವು. ಮೂಳೆ ಮಾತ್ರ ಉಳಿದ ಪುಟವನ್ನು ನೋಡಿ ಮೈಯಲ್ಲಿ ಮಾಂಸ ಇಲ್ಲ ಅಂದರೆ ಯಾರ ದೋಷ? ಪುನರಾವರ್ತನೆ ಪುಟದಲ್ಲಿ ಬೇಸರ. ಸಾವಿರ ಜನ ಕೂಡಿದಲ್ಲಿ ಅದು ಹಿಂದಿನ ಸಾಲಿನಲ್ಲಿ ಹೆದರಿ ಕೂತವನಿಗೆ ಬಾಯಿ ತೆರೆಯಲು ಸಿಗುವ ಮೂರನೇ, ನಾಲ್ಕನೇ ಅವಕಾಶ. ನಮ್ಮ ಸೀಮೆಯಲ್ಲಿ ಗೌಡರ ಮುಂದೆ ಬಾಯಿ ತೆರೆಯೋದು ಸಣ್ಣ ಸಂಗತಿ ಆಗಿರಲಿಲ್ಲ ಅನ್ನೋದನ್ನು ಈ ಪತ್ರಿಕೆಯ ಓದುಗರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಹಲಗಿಯ ಬಗ್ಗೆ ನಮ್ಮೊಳಗಿನ ಜಗಳವನ್ನೂ ಮುಚ್ಚಿಡಬಾರದು. ಹಲಗಿ ಬಿಟ್ಟಿ ಚಾಕರಿಯ ಗುರುತು, ಹೆಣದ ಮುಂದೆ ಬಡಿಯೋದನ್ನು ಬಿಡ್ರಿ ಅಂತ ಹೇಳಿದವರು ಸರಿಯಾಗೇ ಹೇಳಿದರು. ಬಡಿಯೋದಿಲ್ಲ ಅಂದದ್ದಕ್ಕೆ ಬಹಿಷ್ಕಾರ ಉಂಡ ಕೇರಿಗಳಿವೆ. ಅದೇ ಹಲಗಿಯನ್ನು ಹೋರಾಟದ ಮುಂದೆ ಬಡಿದು ತಲೆ ಎತ್ತಿ ನಡೆದವರೂ ನಮ್ಮವರೇ. ಇವೆರಡಕ್ಕೂ ನಡುವೆ ಒಂದು ಸಂಗತಿ ಕೈತಪ್ಪಿ ಹೋಗ್ತಾ ಇದೆ. ಚಾಕರಿಯನ್ನು ಬಿಟ್ಟ ಮಗನಿಗೆ ಅಪ್ಪನ ಬಡಿತಗಳು ಬರೋದಿಲ್ಲ. ಹೋರಾಟದ ಹಲಗಿಗೆ ಎರಡು ಮೂರು ಬಡಿತ ಸಾಕು. ಉಳಿದ ಬಡಿತಗಳು ಎಲ್ಲೂ ಬರೆದಿಟ್ಟಿಲ್ಲ, ಬಲ್ಲ ಮುದುಕರು ಒಬ್ಬೊಬ್ಬರಾಗಿ ಹೋಗ್ತಿದ್ದಾರೆ. ಗುಲಾಮಗಿರಿಯನ್ನು ಸುಡೋಣ, ವಿದ್ಯೆಯನ್ನು ಯಾಕೆ ಸುಡಬೇಕು?

7

ಹಾಗಾದರೆ ಏನು ಮಾಡಬೇಕು? ಬರೀ ತಕರಾರು ಹೇಳಿ ಎದ್ದು ಹೋಗೋದು ಸರಿಯಲ್ಲ.

ವಿಮರ್ಶಕರಿಗೆ ಮೊದಲ ಮಾತು. ಹಾಡಿನ ಬಗ್ಗೆ ಬರೆಯುವಾಗ ಅದು ಕಾಗದಕ್ಕೆ ಬಂದ ದಾರಿಯನ್ನು ಮೊದಲು ಕೇಳಿ. ಯಾರು ಬರಕೊಂಡರು, ಯಾವ ಪ್ರೆಸ್ಸಿಗೆ ಯಾರು ದುಡ್ಡು ಕೊಟ್ಟರು, ಏನನ್ನು ಬಿಟ್ಟರು, ಹಾಡುವವರು ಅದನ್ನು ಮತ್ತೆ ಹೇಗೆ ಎತ್ತಿಕೊಂಡರು. ಈ ಪ್ರಶ್ನೆಗಳನ್ನು ದಲಿತ ಹಾಡಿಗೆ ಮಾತ್ರ ಅಲ್ಲ, ದಾಸರ ಪದಕ್ಕೂ ಹಾಕಿ, ವಚನಕ್ಕೂ ಹಾಕಿ. ಲಿಂಗಸೂಗೂರಿನ ಮಂಡಲದ ಪುಸ್ತಕವನ್ನೂ ಅದೇ ತಾಲೂಕಿನ ಸಂಘಟನೆಯ ಕಿರುಪುಸ್ತಕವನ್ನೂ ಒಂದೇ ಮೇಜಿನ ಮೇಲೆ ಇಟ್ಟು ಓದುವ ವಿಮರ್ಶೆ ನಮಗೆ ಬೇಕು. ಹಾಗೆ ಓದಿದರೆ ಯಾವುದು ಶ್ರೇಷ್ಠ ಅನ್ನೋ ಪ್ರಶ್ನೆಗಿಂತ ಮುಂಚೆ ಯಾವುದಕ್ಕೆ ಏನು ಒದಗಿತ್ತು ಅನ್ನೋದು ಕಾಣ್ತದೆ.

ಸಂಗ್ರಹ ಮಾಡುವ ವಿದ್ಯಾರ್ಥಿಗಳಿಗೆ ಎರಡನೇ ಮಾತು. ಹಾಡಿದವರ ಹೆಸರನ್ನು, ಅವರು ಒಪ್ಪಿದರೆ, ರಟ್ಟಿನ ಮೇಲೆ ಹಾಕಿ. ನಿಮ್ಮ ಹೆಸರು ಅದರ ಕೆಳಗೆ ಇರಲಿ. ಈಚಿನ ವರ್ಷಗಳಲ್ಲಿ ಬೆಂಗಳೂರಿನ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರ ತತ್ವಪದಗಳನ್ನು ಸಂಪುಟ ಸಂಪುಟವಾಗಿ ತಂದಿದೆ. ಪದಕಾರರ ಹೆಸರು ಹಿಡಿದು, ಊರು ಹಿಡಿದು ಮಾಡಿದ ಕೆಲಸ ಅದು. ಸಾಹಿತ್ಯ ಚರಿತ್ರೆಯ ಹೊರಗೆ ಕೂತಿದ್ದವರು ಅದರಿಂದ ಒಳಗೆ ಬಂದರು. ಕೂಲಿಪದ, ಚೌಡಿಕೆ ಪದ, ಚಳವಳಿಯ ಹಾಡಿಗೂ ಅಂಥದೊಂದು ಕೆಲಸ ಬಾಕಿ ಇದೆ. ಸರ್ಕಾರ ಮಾಡಲಿ ಅಂತ ಕಾಯಬೇಕಿಲ್ಲ, ಒಂದೊಂದು ತಾಲೂಕಿನವರು ಒಂದೊಂದು ಪುಸ್ತಕ ಮಾಡಿದರೂ ಆಯಿತು.

ಮೂರನೇ ಮಾತು ನಮ್ಮ ಸಂಘಟನೆಗಳಿಗೆ. ಈಗ ಹಾಡು ಅಚ್ಚಿಗೂ ಕಾಯೋದಿಲ್ಲ. ಕ್ಯಾಸೆಟ್ಟು ಬಂತು, ಹೋಯಿತು. ಈಗ ಮೊಬೈಲಿನಲ್ಲಿ ಹಿಡಿದು ಅವತ್ತೇ ನಾಲ್ಕು ಜಿಲ್ಲೆಗೆ ಕಳಿಸ್ತಾರೆ. ಮಟ್ಟು ಉಳೀತದೆ, ಹಲಗಿ ಕೇಳ್ತದೆ, ಅದು ಲಾಭವೇ. ಆದರೆ ಅಲ್ಲೂ ಹೆಸರು ಉದುರ್ತಾ ಇದೆ. ಕಟ್ಟಿದವರು ಯಾರು, ಹಲಗಿ ಹಿಡಿದವರು ಯಾರು ಅಂತ ಇಲ್ಲದೆ, ಹಾಕಿದವನ ಹೆಸರು ಮಾತ್ರ ಉಳೀತದೆ. ಹಳೆಯ ಸಂಗ್ರಾಹಕನ ಚಾಳಿ ಹೊಸ ಯಂತ್ರಕ್ಕೆ ಅಂಟಿಕೊಂಡಿದೆ. ಮುಂದಿನ ಏಪ್ರಿಲ್ 14ಕ್ಕೆ ಹಾಡಿನ ಪುಸ್ತಕ ಹಾಕುವವರಿಗೆ ನನ್ನ ಬೇಡಿಕೆ ಇಷ್ಟು: ಪ್ರತಿ ಹಾಡಿನ ಕೆಳಗೆ ಮೂರು ಸಾಲು ಜಾಗ ಬಿಡಿ. ಕಟ್ಟಿದವರ ಹೆಸರು ಮತ್ತು ಊರು, ಮೊದಲು ಹಾಡಿದ ಜಾಗ ಮತ್ತು ವರ್ಷ, ಹಲಗಿಯ ಬಡಿತ ಯಾವುದು ಮತ್ತು ಬಡಿದವರು ಯಾರು. ಮಸ್ಕಿ, ಸಿಂಧನೂರು, ಲಿಂಗಸೂಗೂರಿನ ಹಾಡುಗಾರರಲ್ಲಿ ಯಾರು ಈ ಕೆಲಸ ಎತ್ತಿಕೊಂಡರೂ ಕೇಳಿ ಬರಕೊಳ್ಳೋದಕ್ಕೆ, ಪ್ರೂಫ್ ತಿದ್ದೋದಕ್ಕೆ ನಾನು ಜೊತೆಗಿದ್ದೀನಿ.